ಗೋಲ್‌ಕೀಪರಿನ ಸೋದರತ್ತೆ ಸರ್ಬಿಯಾದಲ್ಲಿ

ಕಿಕ್ಕೇರಿ

ಯೂರೋಪಿಗೆ ಹೋಗಿ ಬಂದವರು ಯಾವುದಾದರೂ ಗೋಪುರದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದು ಮುಸುಕಿನ ಜೋಳದ ಹೊಲದ ಫೋಟೋ. ಅದನ್ನು ನೋಡಿದ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು "ಇದು ಅರಕೆರೆ ಹತ್ತಿರದ್ದಲ್ಲವೇ ಮೇಡಂ?" ಎಂದರು. ಹೊಲದ ಪಕ್ಕ ಒಂದು ಮೈದಾನವಿದೆ, ಅಲ್ಲಿ ಚುಕ್ಕಿಯಷ್ಟು ಕಾಣುತ್ತಿರುವವಳು ನನ್ನ ತಮ್ಮನ ಮಗಳು ಎಂದು ನಾನು ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು, ಅವರು ಎದ್ದು ಹೋದರು. ಅವರಿಗೆ ಪುರಸೊತ್ತಿರಲಿಲ್ಲ. ನಿಮಗೆ ಇರಬಹುದೆಂದು ಬರೆಯುತ್ತಿದ್ದೇನೆ.

ನಾನು ಶ್ರೀರಂಗಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ತಮ್ಮ ಸ್ವಾಮಿ ಕಿಕ್ಕೇರಿಯಲ್ಲಿ ಮರಗೆಲಸದವನು. ಬಾಗಿಲು ಮಾಡುವುದರಲ್ಲಿ ಅವನ ಕೈ ಚೆನ್ನಾಗಿದೆ ಎಂದು ಕೆ.ಆರ್. ಪೇಟೆಯವರೆಗೂ ಹೆಸರು. ಅವನ ಮಗಳು ಸಿಂಚನ ಗೋಲ್‌ಕೀಪರ್ ಆದದ್ದು ಕ್ರೀಡೆಯ ಮೇಲಿನ ಪ್ರೀತಿಯಿಂದ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಬೀದಿಯ ಮಕ್ಕಳು ಅವನ ಅಂಗಡಿಯೆದುರು ಚೆಂಡು ಒದೆಯುತ್ತಿದ್ದರು. ಪಾಲಿಶ್ ಹಚ್ಚಿ ಒಣಗಲು ಒರಗಿಸಿದ ಬಾಗಿಲಿಗೆ ಚೆಂಡು ಬಡಿಯದಿರಲಿ ಎಂದು ಸ್ವಾಮಿ ಮಗಳನ್ನೇ ಅದರ ಮುಂದೆ ಕಾವಲಿಗೆ ನಿಲ್ಲಿಸಿದ. ಅವಳು ಕಾದಳು. ಕಾಯುವುದು ಅಭ್ಯಾಸವಾಯಿತು. ಹೈಸ್ಕೂಲಿಗೆ ನನ್ನ ಮನೆಗೆ ಬಂದಳು, ಪಾಂಡವಪುರದಲ್ಲಿ ಪಿಯುಸಿ ಮುಗಿಸಿದಳು, ಅಲ್ಲಿಂದ ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬು ಅವಳನ್ನು ಸಂಬಳಕ್ಕೆ ಸೇರಿಸಿಕೊಂಡಿತು.

ಆ ಕ್ಲಬ್ಬಿನಲ್ಲಿ ಅವಳು ಎರಡು ಸೀಸನ್ ವೃತ್ತಿಪರವಾಗಿ ಬೆಂಚಿನ ಮೇಲೆ ಕೂತಳು. ಹಿಡಿತ ಚೆನ್ನಾಗಿದೆ, ನೆಗೆತ ಚೆನ್ನಾಗಿದೆ, ಆದರೆ ಬಾಯಿಲ್ಲ ಎಂಬುದು ಅಲ್ಲಿನ ಕೋಚಿನ ದೂರು. ಗೋಲ್‌ಕೀಪರಿಗೆ ಇಡೀ ಮೈದಾನ ಕಾಣುತ್ತದಂತೆ. ಎದುರಿನವರು ಎಲ್ಲಿಂದ ನುಗ್ಗುತ್ತಿದ್ದಾರೆ ಎಂದು ಅವಳು ಕೂಗಿ ಹೇಳದಿದ್ದರೆ ಮುಂದೆ ನಿಂತ ಡಿಫೆಂಡರುಗಳು ಕುರುಡರ ಹಾಗೆ. ಪಾಪ, ಕೋಚಿಗೆ ನಮ್ಮ ಮನೆತನದ ಬಗ್ಗೆ ಏನು ಗೊತ್ತು? ಹೆಣ್ಣುಮಗುವಿನ ಧ್ವನಿ ಪಕ್ಕದ ಕೋಣೆಗೆ ಕೇಳಬಾರದು ಎಂದು ನಾವೆಲ್ಲ ಸೇರಿ ಅಷ್ಟು ಕಷ್ಟಪಟ್ಟು ಬೆಳೆಸಿದ್ದೆವು.

ಇಂಥವಳ ವಿಡಿಯೋಗಳನ್ನು ಸರ್ಬಿಯಾ ದೇಶದ ಒಂದು ಸಣ್ಣ ಊರಿನ ಮಹಿಳಾ ಕ್ಲಬ್ಬಿನ ಕೋಚು ನೋಡಿ ಒಂದು ಸೀಸನ್ನಿಗೆ ಕರೆದ. ವಿಡಿಯೋದಲ್ಲಿ ಸದ್ದು ಕೇಳಿಸುವುದಿಲ್ಲವಲ್ಲ.

ಸುದ್ದಿ ಗೊತ್ತಾದ ವಾರದಲ್ಲೇ ಕಿಕ್ಕೇರಿಯಲ್ಲಿ ಫ್ಲೆಕ್ಸ್ ಎದ್ದಿತು. ಶುಭ ಕೋರುವವರ ಮುಖಗಳು ದೊಡ್ಡದಾಗಿ, ಸಿಂಚನಳ ಮುಖ ಅಂಚೆಚೀಟಿಯಷ್ಟು. ಪಕ್ಕದಲ್ಲಿ ಅಲಂಕಾರಕ್ಕೆ ಒಂದು ವಾಲಿಬಾಲ್. ಸಂತೆಬಾಚಹಳ್ಳಿಯಿಂದ ನಮ್ಮ ಚಿಕ್ಕಮ್ಮ ವಿಚಾರಿಸಲು ಬಂದರು.

"ಒದೆಯಕ್ಕೆ ಸಂಬ್ಳ ಕೊಡ್ತರಂತಾ ಕಣವ್ವ?"

"ಇವಳು ಒದೆಯೋಳಲ್ಲ ಚಿಕ್ಕಮ್ಮ, ಹಿಡಿಯೋಳು."

"ಇಡಿಯಕ್ಕಾ? ಅದ್ಕೆ ಅಷ್ಟ್ ದೂರ ಯಾಕೋಗ್ಬೇಕು? ನಮ್ಮಟ್ಟೀಲಿ ಕರ ಇಡಿಯೋರೇ ಗತಿಯಿಲ್ಲ."

ಹುಡುಗಿಯನ್ನು ಒಬ್ಬಳೇ ಕಳಿಸುವುದಿಲ್ಲ ಎಂದು ಅವಳ ತಾಯಿ ಸುಧಾ ಪಟ್ಟು ಹಿಡಿದಳು. ಸ್ವಾಮಿಗೆ ಕೈತುಂಬ ಕೆಲಸ, ಸುಧಾಳಿಗೆ ಪಾಸ್‌ಪೋರ್ಟ್ ಇಲ್ಲ. ನನಗಿತ್ತು. ಹಿಂದೊಮ್ಮೆ ನಾವು ಶಿಕ್ಷಕಿಯರೆಲ್ಲ ಸಿಂಗಾಪುರಕ್ಕೆ ಹೋಗುವುದೆಂದು ಮಾಡಿಸಿದ್ದು. ಯಾರ ಜೊತೆ ಯಾರು ರೂಮಿನಲ್ಲಿರಬೇಕು ಎಂಬ ಚರ್ಚೆಯಲ್ಲೇ ಪ್ರವಾಸ ಮುಗಿದುಹೋಗಿತ್ತು. ದುಬೈಗೆ ಹೋಗಿ ಬಂದ ಮೇಲೆ ಪ್ರಪಂಚದ ವಿಷಯದಲ್ಲಿ ಕೊನೆಯ ಮಾತು ನಾಗಮಂಗಲದ ಭಾವನದೇ. ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಪಾಸ್‌ಪೋರ್ಟ ಒಳಜೇಬಲ್ಲಿ ಮಡೀಕಳವ್ವ. ಯೂರೋಪು ನಮ್ಮಂಗಲ್ಲ." ಸೀರೆಗೆ ಒಳಜೇಬು ಎಲ್ಲಿರುತ್ತದೆ ಎಂದು ಅವರು ಹೇಳಲಿಲ್ಲ.

ಹೊರಡುವ ಮುಂಚೆ ಸ್ವಾಮಿ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದ. "ಅಕ್ಕ, ನೀನ್ ನೋಡು. ನಿಂಗೆ ಸರಿ ಅನ್ನುಸ್ನಿಲ್ಲ ಅಂದ್ರೆ ಅವ್ಳ ಮಾತ್ ಕೇಳ್ಬ್ಯಾಡ, ಕರ್ಕಂಡ್ ಬಂದ್ಬುಡು. ನೀನ್ ಏನ್ ಏಳ್ತಿಯೋ ಅದೇಯ."

ಅಂದರೆ ಫುಟ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆ ಎಂದು ವಿಮಾನ ಹತ್ತುವ ಮುಂಚೆ ನನ್ನ ತರಗತಿಯ ಹುಡುಗಿಯರನ್ನು ಕೇಳಿ ತಿಳಿದುಕೊಂಡ ನಾನು, ಒಬ್ಬ ಆಟಗಾರ್ತಿಯ ಭವಿಷ್ಯ ತೀರ್ಮಾನಿಸಬೇಕಿತ್ತು.

ಬೆಲ್‌ಗ್ರೇಡ್

ಬೆಲ್‌ಗ್ರೇಡಿನಲ್ಲಿ ಇಳಿದಾಗ ನನ್ನ ಚೀಲ ಎಲ್ಲರಿಗಿಂತ ಮೊದಲು ಉರುಳಿಕೊಂಡು ಬಂತು. ಅದರಲ್ಲಿ ರಾಗಿಹಿಟ್ಟು, ಹುರುಳಿಕಾಳಿನ ಚಟ್ನಿಪುಡಿ, ಮತ್ತು ಬಹುಮಾನ ವಿತರಣೆ ಏನಾದರೂ ಇದ್ದರೆ ಇರಲಿ ಎಂದು ಸುಧಾ ತುರುಕಿದ್ದ ನನ್ನದೇ ರೇಷ್ಮೆ ಸೀರೆ ಕ್ಷೇಮವಾಗಿದ್ದವು. ಸಿಂಚನಳ ಚೀಲ ಬರಲಿಲ್ಲ. ಅದರಲ್ಲಿ ಅವಳ ಬೂಟುಗಳೂ ಗೋಲ್‌ಕೀಪಿಂಗ್ ಗ್ಲೌಸುಗಳೂ ಇದ್ದವು. ಸಾಮಾನು ಹೊತ್ತು ತರುವ ಬೆಲ್ಟು ತಿರುಗುತ್ತಲೇ ಇತ್ತು. ಕೊನೆಗೆ ಯಾರದೋ ಮುರಿದ ಛತ್ರಿಯೊಂದೇ ಸುತ್ತು ಹಾಕುತ್ತಿತ್ತು.

ಕೌಂಟರಿನ ಹೆಂಗಸು ಬಹಳ ಸಹಾನುಭೂತಿಯಿಂದ, ಚೀಲ ಬೇರೆ ಯಾವುದೋ ಊರಿಗೆ ಹೋಗಿದೆ, ಬಂದೇ ಬರುತ್ತದೆ ಎಂದಳು. ಯಾವಾಗ ಎಂದು ಕೇಳಿದ್ದಕ್ಕೆ ಭುಜ ಕುಣಿಸಿದಳು. ಈ ಭುಜ ಕುಣಿಸುವಿಕೆ ನನಗೆ ಹೊಸದಲ್ಲ. ಬಸ್ಸು ಯಾವಾಗ ಬರುತ್ತದೆ ಎಂದು ನಮ್ಮ ಕಡೆ ಕೇಳಿದಾಗಲೂ ಇದೇ ಉತ್ತರ ಸಿಗುತ್ತದೆ. ಯೂರೋಪು ನಮ್ಮ ಹಾಗಲ್ಲ ಎಂದು ಭಾವ ಹೇಳಿದ್ದು ಮೊದಲ ಗಂಟೆಯಲ್ಲೇ ಸುಳ್ಳಾಯಿತು.

ಹೊರಗೆ ಮಿಲೇನಾ ಕಾಯುತ್ತಿದ್ದಳು. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಕ್ಲಬ್ಬಿನ ಮ್ಯಾನೇಜರ್. ಇಂಗ್ಲಿಷ್ ಬಲ್ಲವಳು. ಕಾರು ಊರು ದಾಟಿದ ಮೇಲೆ, ಕನ್ನಡಿಯಲ್ಲಿ ನಮ್ಮನ್ನು ನೋಡದೆ, ಒಂದು ಸಣ್ಣ ವಿಷಯ ಇದೆ ಎಂದಳು. ಸಿಂಚನಳನ್ನು ಕರೆಸಿದ ಕೋಚು ಕಳೆದ ವಾರ ಕೆಲಸ ಬಿಟ್ಟಿದ್ದ. ಹೊಸ ಕೋಚು ಬರುವಾಗ ತನಗೆ ಗೊತ್ತಿರುವ ಗೋಲ್‌ಕೀಪರನ್ನು ಜೊತೆಗೇ ಕರೆತಂದಿದ್ದ.

"ಹಾಗಾದರೆ ಇವಳು?" ಎಂದೆ.

"ಶನಿವಾರ ಒಂದು ಸ್ನೇಹಪಂದ್ಯ ಇದೆ. ಅದರಲ್ಲಿ ಆಡಿಸಿ ನೋಡುತ್ತಾರಂತೆ. ಚೆನ್ನಾಗಿ ಆಡಿದರೆ ತೊಂದರೆಯಿಲ್ಲ."

ಆಡದಿದ್ದರೆ ಎಂದು ನಾನು ಕೇಳಲಿಲ್ಲ. ಸಿಂಚನ ಕಿಟಕಿಯಾಚೆ ನೋಡುತ್ತಿದ್ದಳು. ಆಚೆ ಜೋಳ, ಜೋಳ, ಮತ್ತೆ ಜೋಳ. ಬೂಟಿಲ್ಲ, ಗ್ಲೌಸಿಲ್ಲ, ಕರೆದವನೂ ಇಲ್ಲ. ಕಿಕ್ಕೇರಿಯಲ್ಲಿ ಮಾತ್ರ ಫ್ಲೆಕ್ಸ್ ಭದ್ರವಾಗಿ ನಿಂತಿತ್ತು.

ರಾದಾಳ ಮನೆ

ಆ ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೂ ಓದಲಾಗದು. ನಾಲ್ಕು ವ್ಯಂಜನಗಳು ಸ್ವರದ ಹಂಗಿಲ್ಲದೆ ಒಂದರ ಹೆಗಲ ಮೇಲೊಂದು ಕೂತಿವೆ. ಮೂವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ಕಲಿಸಿದ ನನಗೆ ಮೊದಲ ಸಲ ಆ ಮಕ್ಕಳ ಮೇಲೆ ಕನಿಕರ ಬಂತು.

ನಮಗೆ ರೂಮು ಕೊಟ್ಟವಳು ರಾದಾ ಎಂಬ ಹೆಂಗಸು. ನಮ್ಮ ರಾಧೆಯೇ, ಮಹಾಪ್ರಾಣ ಮಾತ್ರ ಇಲ್ಲ. ಮಂಡ್ಯದ ಕಡೆ ಯಾವ ರಾಧೆಗೂ ಅದಿಲ್ಲವಾದ್ದರಿಂದ ನನಗೆ ಮನೆಗೇ ಬಂದಂತಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಮನೆಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಟ್ಟಳು. ಕೂತ ಕೂಡಲೇ ಒಂದು ಚಮಚ ಹಣ್ಣಿನ ಪಾಕವನ್ನೂ ಒಂದು ಲೋಟ ನೀರನ್ನೂ ಮುಂದಿಟ್ಟಳು. ನಾವು ಬೆಲ್ಲ, ನೀರು ಕೊಡುವ ಹಾಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಇನ್ನೊಂದು ಚಮಚ ತೆಗೆದುಕೊಳ್ಳಬಾರದಂತೆ. ಅದು ನನಗೆ ಮಿಲೇನಾ ಹೇಳಿದ್ದು ನಾನು ತೆಗೆದುಕೊಂಡ ಮೇಲೆ.

ರಾದಾಳಿಗೆ ಪ್ರಪಂಚದಲ್ಲಿ ಒಂದೇ ಶತ್ರು: ಎದುರುಬದುರು ಕಿಟಕಿಗಳಿಂದ ಬೀಸುವ ಗಾಳಿ. ಎರಡು ಕಿಟಕಿ ಒಟ್ಟಿಗೆ ತೆರೆದಿದ್ದರೆ ಓಡಿಬಂದು ಮುಚ್ಚಿ, ಕತ್ತು ಹಿಡಿದುಕೊಂಡು, ನಾಲಿಗೆ ಹೊರಹಾಕಿ, ನಾವು ಹೇಗೆ ಸಾಯುತ್ತೇವೆ ಎಂದು ಅಭಿನಯಿಸಿ ತೋರಿಸುತ್ತಿದ್ದಳು. ಹೊರಗೆ ಸುಡುವ ಬಿಸಿಲು. ಆ ದೇಶದವರು ಯುದ್ಧಗಳನ್ನು ಕಂಡವರು, ಆದರೆ ಕಿಟಕಿಯ ವಿಷಯದಲ್ಲಿ ರಾಜಿಯಿಲ್ಲ.

ಎರಡನೆಯ ದಿನ ಅವಳು ಪಾತ್ರೆಯಲ್ಲಿ ನೀರು ಕುದಿಸಿ, ಜೋಳದ ಹಿಟ್ಟು ಸುರಿದು, ಒಂದು ದೊಣ್ಣೆಯಿಂದ ತಿರುವತೊಡಗಿದಳು. ನನಗೆ ತಡೆಯಲಾಗಲಿಲ್ಲ. ದೊಣ್ಣೆ ಇಸಿದುಕೊಂಡು, ಪಾತ್ರೆಯನ್ನು ನೆಲಕ್ಕಿಳಿಸಿ ಕಾಲಲ್ಲಿ ಒತ್ತಿ ಹಿಡಿದು ತಿರುವಿದೆ. ಗಂಟಿಲ್ಲದೆ ಬಂತು. ರಾದಾ ನನ್ನ ಕೆನ್ನೆಗೆ ಮೂರು ಸಲ ಮುತ್ತಿಟ್ಟು ನನ್ನನ್ನು ಒಪ್ಪಿಕೊಂಡಳು. ಆದರೆ ನಾನು ಅದನ್ನು ಉಂಡೆ ಕಟ್ಟಿ ನುಂಗಿದಾಗ ಅವಳ ಮುಖದಲ್ಲಿ, ಕಿಟಕಿ ತೆರೆದಿದ್ದಾಗ ಬರುವ ಭಯವೇ ಬಂತು.

ಸ್ವಾಮಿಯ ಫೋನು ದಿನವೂ ಬರುತ್ತಿತ್ತು. "ಎಂಗದೆ ಅಕ್ಕ? ಸರಿಯಾಗದಾ?"

"ನೋಡ್ತಾ ಇದೀನಿ ಕಣೋ."

ಮೈದಾನ

ಮೈದಾನವನ್ನು ಕ್ಲಬ್ಬಿನವರು ಕ್ರೀಡಾಂಗಣ ಎನ್ನುತ್ತಿದ್ದರು. ಒಂದು ಬದಿಗೆ ಮೂರು ಸಾಲು ಮೆಟ್ಟಿಲು, ಉಳಿದ ಬದಿಗಳಲ್ಲಿ ಜೋಳ. ಚೆಂಡು ಹೊಲಕ್ಕೆ ಹೋದರೆ ಆಟ ನಿಲ್ಲಿಸಿ ಎಲ್ಲರೂ ಬೆಳೆಯೊಳಗೆ ನುಗ್ಗಿ ಹುಡುಕಬೇಕು. ಹೊಲದ ಯಜಮಾನ ಬೇಲಿಯಾಚೆ ನಿಂತು ಬೈಯುತ್ತಾನೆ. ವೃತ್ತಿಪರ ಫುಟ್‌ಬಾಲ್ ಎಂದರೆ ಏನು ಎಂದು ನನಗೆ ಅರ್ಥವಾಗಿದ್ದು ಇಲ್ಲಿ. ಬೈಸಿಕೊಳ್ಳುವುದು ಎಲ್ಲ ಕಡೆಯೂ ಒಂದೇ, ಇಲ್ಲಿ ಒಪ್ಪಂದವಿರುತ್ತದೆ.

ಹೊಸ ಕೋಚಿನ ಹೆಸರು ಗೋರಾನ್. ದಪ್ಪ ಮೀಸೆ, ಕಡಿಮೆ ಮಾತು. ಸಿಂಚನಳನ್ನು ಮೇಲಿಂದ ಕೆಳಗೆ ನೋಡಿ, ಮಿಲೇನಾಳ ಕಡೆ ತಿರುಗಿ ಏನೋ ಅಂದ. ಏನಂದ ಎಂದೆ. "ಚಿಕ್ಕವಳು ಅಂದರು," ಎಂದು ಮಿಲೇನಾ ಮೆಲ್ಲಗೆ ಹೇಳಿದಳು. ಅವನು ಕರೆತಂದ ಯೊವಾನಾ ಎದ್ದು ನಿಂತರೆ ಅಡ್ಡಕಂಬಕ್ಕೆ ತಲೆ ತಾಗುವುದೊಂದು ಬಾಕಿ.

ಆ ಯೊವಾನಾಳೇ ಸಿಂಚನಳಿಗೆ ತನ್ನ ಗ್ಲೌಸು ಕೊಟ್ಟಳು. ನಾನು ಕೂಡಲೇ ಅನುಮಾನಿಸಿದೆ. ಎದುರಾಳಿಗೆ ಹಳೆಯ ಗ್ಲೌಸು ಕೊಟ್ಟು ಕೆಡವುವುದು ಯಾವ ಊರಿನಲ್ಲಿ ಇಲ್ಲ? ನೋಡಿದರೆ ತನಗೆ ಎರಡು ಜೊತೆ ಇದ್ದುದರಲ್ಲಿ ಹೊಸದನ್ನು ಕೊಟ್ಟು ಹರಕಲನ್ನು ತಾನು ಹಾಕಿಕೊಂಡಿದ್ದಳು. ಗಾದಿಯಷ್ಟು ದೊಡ್ಡ ಗ್ಲೌಸು. ಸಿಂಚನ ಮಣಿಕಟ್ಟಿಗೆ ಟೇಪು ಸುತ್ತಿ ಬಿಗಿದುಕೊಂಡಳು. ಬೂಟು ಇನ್ಯಾರದೋ. ಹೀಗೆ ಅಲ್ಲಿಂದ ಇಲ್ಲಿಂದ ಎರವಲು ತಂದ ಸಾಮಾನಿನಲ್ಲಿ ನಮ್ಮ ಹುಡುಗಿ ತನ್ನ ಅಂತಾರಾಷ್ಟ್ರೀಯ ವೃತ್ತಿಜೀವನ ಶುರುಮಾಡಿದಳು.

ಅಭ್ಯಾಸದಲ್ಲಿ ಅವಳು ಚೆನ್ನಾಗಿಯೇ ಹಿಡಿಯುತ್ತಿದ್ದಳು. ಎಡಕ್ಕೆ ಬಿದ್ದು ಎದ್ದು, ಬಲಕ್ಕೆ ಬಿದ್ದು ಎದ್ದು, ಮೊಣಕೈ ತರಚಿಕೊಂಡು. ಆದರೆ ಡಿಫೆಂಡರುಗಳ ಹಿಂದೆ ನಿಂತಾಗ ತುಟಿ ಹೊಲಿದ ಹಾಗೆ. ಗೋರಾನ್ ಕೈಯನ್ನು ಬಾಯಿಯ ಮುಂದೆ ತಂದು ತೆರೆದು ಮುಚ್ಚಿ ತೋರಿಸಿದ. ಅವಳು ತಲೆಯಾಡಿಸಿದಳು. ಮುಂದಿನ ಚೆಂಡಿಗೂ ಮೌನ.

ಮನೆಗೆ ಬರುವಾಗ ಕೇಳಿದೆ. "ಯಾಕೇ ಕೂಗಲ್ಲ ನೀನು?"

"ಏನಂತ ಕೂಗ್ಲಿ ಅತ್ತೆ? ಅವ್ರ್ ಭಾಷೆ ಬರಲ್ಲ. ಇಂಗ್ಲಿಷಲ್ಲಿ ಯೋಚ್ನೆ ಮಾಡೋವಷ್ಟ್ರಲ್ಲಿ ಗೋಲ್ ಆಗೋಗಿರ್ತದೆ."

"ಬೆಂಗಳೂರಿನಲ್ಲಿ ಕನ್ನಡದೋರು ಇದ್ರಲ್ಲ?"

ಅವಳು ಮಣಿಕಟ್ಟಿನ ಟೇಪು ಸುಲಿಯತೊಡಗಿದಳು. "ಅಲ್ಲಿ ಎಲ್ರಿಗೂ ಅರ್ಥ ಆಗೋದು, ಅದ್ಕೇ ನಾಚ್ಕೆ."

ಶನಿವಾರ

ಪಂದ್ಯಕ್ಕೆ ಮೆಟ್ಟಿಲ ತುಂಬ ಜನ. ಎಲ್ಲರ ಕೈಯಲ್ಲೂ ಸೂರ್ಯಕಾಂತಿ ಬೀಜ. ಹಲ್ಲಿನಲ್ಲಿ ಸೀಳಿ ಸಿಪ್ಪೆ ಉಗಿಯುತ್ತ, ಆಡುವವರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ನನ್ನ ಪಕ್ಕದ ಮುದುಕನೊಬ್ಬ ಸಿಪ್ಪೆಯನ್ನು ತಪ್ಪದೆ ನನ್ನ ಚಪ್ಪಲಿಯ ಮೇಲೆಯೇ ಹಾಕುತ್ತಿದ್ದ. ರಾದಾ ನನ್ನ ಎಡಕ್ಕೆ, ಮಿಲೇನಾ ಹಿಂದೆ.

ಮೊದಲ ಗೋಲಿಗೆ ಯಾರೂ ಸಿಂಚನಳನ್ನು ದೂರುವಂತಿರಲಿಲ್ಲ. ಎರಡನೆಯದು ಅವಳ ಕೈಗೆ ಸವರಿಕೊಂಡು ಹೋಯಿತು. ಮೂರನೆಯದು ಪೂರಾ ಅವಳದೇ. ಮೂಲೆಯಿಂದ ಬಂದ ಚೆಂಡನ್ನು ಗುದ್ದಲು ಮುಂದೆ ಓಡಿದಳು, ಅವಳ ಹಾದಿಗೆ ಅವಳದೇ ತಂಡದ ಹುಡುಗಿ ಅಡ್ಡ ಬಂದಳು, ಇಬ್ಬರೂ ಬಿದ್ದರು, ಖಾಲಿ ಗೋಲಿಗೆ ಎದುರಿನವರು ನಡೆದುಕೊಂಡು ಹೋಗಿ ಚೆಂಡು ಸೇರಿಸಿದರು. ಮುದುಕ ಏನೋ ಅಂದ. ಮಿಲೇನಾ ಅನುವಾದ ಮಾಡಲಿಲ್ಲ. ಸಿಂಚನಳ ಜಾಗಕ್ಕೆ ಇಳಿಸಲು ಗೋರಾನ್ ಯೊವಾನಾಳನ್ನು ಕರೆದು ಮೈ ಬಿಸಿ ಮಾಡಿಕೊಳ್ಳಲು ಹೇಳಿದ.

ನಾನು ಮನಸ್ಸಿನಲ್ಲೇ ವಾಪಸ್ ಟಿಕೆಟಿನ ಯೋಚನೆ ಶುರುಮಾಡಿದೆ. ಸ್ವಾಮಿಗೆ ಹೇಳಲು ವಾಕ್ಯಗಳನ್ನೂ ಹೊಂದಿಸಿಕೊಂಡೆ. ಊರು ಒಳ್ಳೆಯದು, ಜನ ಒಳ್ಳೆಯವರು, ಆದರೆ.

ಸಿಂಚನ ಎದ್ದಳು. ಅಡ್ಡ ಬಂದ ಹುಡುಗಿ ಕೈ ಆಡಿಸುತ್ತ ಅವಳಿಗೆ ಸರ್ಬಿಯನ್ ಭಾಷೆಯಲ್ಲಿ ಏನೇನೋ ಬೈಯುತ್ತಿದ್ದಳು. ಸಿಂಚನ ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಜೋಳದ ಹೊಲದವರೆಗೂ ಕೇಳುವ ಧ್ವನಿಯಲ್ಲಿ ಅಂದಳು:

"ಲೇ, ನಿಂಗೆ ಕಣ್ ಕಾಣಾಕಿಲ್ವೇನೇ? ನಾ ಬತ್ತಾ ಇವ್ನಿ ಅಂದ್ರೆ ದಾರಿ ಬುಡೇ."

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಆಟ ಮತ್ತೆ ಶುರುವಾಯಿತು, ಅವಳು ಬಾಯಿ ಮುಚ್ಚಲಿಲ್ಲ.

"ಎಡಕ್ ಬಾರೇ. ನಿನ್ನಿಂದೆ ಅವ್ಳೆ ಕಣೇ, ನೋಡೇ. ಅಯ್ಯೋ ನಿನ್ ಮಕ ಮುಚ್ಚ, ಮುಂದ್ಕೋಗೇ. ಏ ಉದ್ದದೋಳೇ, ನೀನ್ಯಾಕೆ ದನ ನಿಂತಂಗೆ ನಿಂತಿದ್ದೀಯ?"

ಕೈ ತೋರಿಸಿ ಕೂಗುತ್ತಿದ್ದಳು. ಆ ಹುಡುಗಿಯರಿಗೆ ಒಂದಕ್ಷರವೂ ಅರ್ಥವಾಗುವ ಸಾಧ್ಯತೆಯಿರಲಿಲ್ಲ. ಆದರೂ ಎಡಕ್ಕೆ ಅಂದರೆ ಎಡಕ್ಕೆ ಹೋದರು, ಮುಂದಕ್ಕೆ ಅಂದರೆ ಮುಂದಕ್ಕೆ ಓಡಿದರು. ನನ್ನ ತರಗತಿಯಲ್ಲಿ ಶುದ್ಧ ಕನ್ನಡಕ್ಕೆ ಇಷ್ಟು ವಿಧೇಯತೆ ನಾನು ಕಂಡಿಲ್ಲ. ಯೊವಾನಾ ಬದಿಯಲ್ಲಿ ಮೈ ಬಿಸಿ ಮಾಡಿಕೊಂಡದ್ದೇ ಬಂತು. ಗೋರಾನ್ ಅವಳನ್ನು ಮತ್ತೆ ಬೆಂಚಿಗೆ ಕೂರಿಸಿದ.

ಮುದುಕ ಬೀಜ ಸೀಳುವುದನ್ನು ನಿಲ್ಲಿಸಿ ಮಿಲೇನಾಳನ್ನು ಏನೋ ಕೇಳಿದ. ಅವಳು ನನ್ನನ್ನು ಕೇಳಿದಳು. "ಅವಳು ಏನು ಹೇಳುತ್ತಿದ್ದಾಳೆ?"

"ದಯವಿಟ್ಟು ಸ್ವಲ್ಪ ಎಡಕ್ಕೆ ಬನ್ನಿ ಎಂದು ವಿನಂತಿಸುತ್ತಿದ್ದಾಳೆ," ಎಂದೆ.

ಆಮೇಲೆ ಗೋಲು ಬೀಳಲಿಲ್ಲ. ನಮ್ಮವರು ಒಂದು ಹೊಡೆದರು. ಪಂದ್ಯ ಸೋತೆವು. 'ನಮ್ಮವರು', 'ಸೋತೆವು' ಎಂದು ನಾನು ಯಾವಾಗಿನಿಂದ ಅನ್ನತೊಡಗಿದೆನೋ ತಿಳಿಯದು.

ಗೋರಾನ್ ಬಂದು ನನ್ನ ಮುಂದೆ ನಿಂತ. ಮಿಲೇನಾಳ ಮೂಲಕ ಹೇಳಿದ: "ಮೂರನೆಯ ಗೋಲು ನಾಚಿಕೆಗೇಡು. ಆದರೆ ಬೆನ್ನ ಹಿಂದೆ ಒಬ್ಬಳಿದ್ದಾಳೆ ಎಂದು ನನ್ನ ಹುಡುಗಿಯರಿಗೆ ಇವತ್ತು ಗೊತ್ತಾಯಿತು. ಇಲ್ಲೇ ಇರಲಿ. ಎರಡನೆಯ ಗೋಲ್‌ಕೀಪರ್."

ಎರಡನೆಯ ಗೋಲ್‌ಕೀಪರ್ ಎಂದರೆ ಬೆಂಚು. ಸಮುದ್ರ ದಾಟಿ, ವಿಮಾನ ಬದಲಿಸಿ, ಚೀಲ ಕಳೆದುಕೊಂಡು, ನಮ್ಮ ಹುಡುಗಿ ಸಂಪಾದಿಸಿದ್ದು ಇನ್ನೊಂದು ಬೆಂಚು. ಕಳೆದುಹೋದ ಚೀಲ ಮಾರನೆಯ ದಿನ ಬೆಳಿಗ್ಗೆ ಬಂತು, ಅದರ ಉಪಯೋಗವೆಲ್ಲ ಮುಗಿದ ಮೇಲೆ.

ಪಂದ್ಯದ ದಿನ ಸಂಜೆ ಸಿಂಚನ ರಾದಾಳ ಅಡುಗೆಮನೆಯಲ್ಲಿ ಊದಿದ ಬೆರಳಿಗೆ ಐಸ್ ಒತ್ತಿಕೊಂಡು ಕೂತಿದ್ದಳು.

"ಅಪ್ಪಂಗೆ ಏನೇಳ್ತೀಯ ಅತ್ತೆ?"

"ಏನ್ ಹೇಳ್ಲಿ? ನೀನೇ ಹೇಳು. ಇಲ್ಲೂ ಬೆಂಚೇ ಅಲ್ವಾ?"

"ಬೆಂಚೇಯ." ಐಸನ್ನು ಇನ್ನೊಂದು ಬೆರಳಿಗೆ ಇಟ್ಟಳು. "ಬೆಂಗ್ಳೂರಲ್ಲಿ ಬೆಂಚ್ ಮೇಲೆ ಕೂತಾಗ ಸದ್ಯ ಆಡುಸ್ನಿಲ್ವಲ್ಲ ಅನ್ಸೋದು ಅತ್ತೆ. ಯಾರಿಗೂ ಏಳಿರ್ಲಿಲ್ಲ ನಾನು. ಇವತ್ತು ಯೊವಾನಾ ಎದ್ದು ಓಡಕ್ಕೆ ಶುರು ಮಾಡುದ್ಲಲ್ಲ, ನಂಗೆ ಕ್ವಾಪ ಬಂತು. ನನ್ ಜಾಗ ಅದು ಅನ್ನುಸ್ತು."

ಅವಳಿಗೆ ಅಳು ಬರುತ್ತದೇನೋ ಎಂದು ನೋಡಿದೆ. ಬರಲಿಲ್ಲ. ನನಗೆ ಬಂತು, ಈರುಳ್ಳಿ ಹೆಚ್ಚುವ ನೆಪ ಹುಡುಕಿದೆ.

ಸ್ವಾಮಿ ಫೋನು ಮಾಡಿದ.

"ಸೋತ್ರಾ?"

"ಸೋತ್ರು."

"ಇವ್ಳು ಎಷ್ಟ್ ಬುಟ್ಲು?"

"ಮೂರು."

"ಮೂರ ಬುಡಕ್ಕೆ ಅಷ್ಟ್ ದೂರ ಓಗ್ಬೇಕಾಗಿತ್ತಾ ಅಕ್ಕ? ಇಲ್ಲೇ ಬುಡ್ಬೋದಾಗಿತ್ತು." ಆಮೇಲೆ ಕೇಳಿದ. "ಕರ್ಕಂಡ್ ಬತ್ತೀಯ?"

"ಇಲ್ಲ ಕಣೋ. ನಾನೊಬ್ಳೇ ಬತ್ತೀನಿ."

ಅವನ ಹಿಂದೆ ಮರ ಕೊಯ್ಯುವ ಮೆಷಿನ್ನಿನ ಸದ್ದು ನಿಂತಿತು. ಯಾಕೆ ಎಂದು ಕೇಳಿದ. ನಾನು ಬೆಂಚಿನ ವಿಷಯ ಮುಚ್ಚಿಡದೆ ಹೇಳಿದೆ. ಆಮೇಲೆ, ಮೂರನೆಯ ಗೋಲಾದ ಮೇಲೆ ಅವಳು ಎಲ್ಲರನ್ನೂ ಬೈದಳು ಎಂದೆ.

"ಯಾರು? ನಮ್ ಸಿಂಚುನಾ?"

"ಹೂಂ ಕಣೋ."

"ಏನಂತ?"

ಹೇಳಿದೆ. ಒಂದನ್ನೂ ಬಿಡದೆ, ಅವಳ ಧಾಟಿಯಲ್ಲೇ.

"ಆಯ್ತು, ಇರ್ಲಿ ಬುಡು," ಎಂದ. "ಅವ್ರವ್ವಂಗೆ ಮಾತ್ರ ಏಳ್ಬ್ಯಾಡ."

ಬಸ್ಸು

ನಾನು ಹೊರಡುವ ದಿನ ಬೆಳಿಗ್ಗೆ ಸಿಂಚನಳಿಗೆ ಅಭ್ಯಾಸವಿತ್ತು. ರಾದಾಳೂ ಮಿಲೇನಾಳೂ ಬಸ್ ನಿಲ್ದಾಣಕ್ಕೆ ಬಂದರು. ರಾದಾ ದಾರಿಗೆಂದು ಇಡೀ ಒಂದು ಕುಟುಂಬಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಟ್ಟು, ಕಣ್ಣೊರೆಸಿಕೊಂಡು, ನನಗೆ ಅರ್ಥವಾಗದ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ನಾನೂ ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಅಷ್ಟೇ ಹೊತ್ತು ಉತ್ತರ ಕೊಟ್ಟೆ. ಇಬ್ಬರಿಗೂ ಸಮಾಧಾನವಾಯಿತು.

ಸಿಂಚನ ಓಡಿಕೊಂಡು ಬಂದಳು. ಕಾಲು ಮುಟ್ಟಲು ಬಗ್ಗಿದವಳನ್ನು ಹಿಡಿದುಕೊಂಡೆ. ಊಟ ಸರಿಯಾಗಿ ಮಾಡು, ಚಳಿ ಶುರುವಾದರೆ ಸ್ವೆಟರ್ ಹಾಕು, ದಿನಾ ಫೋನು ಮಾಡು ಎಂದೆಲ್ಲ ಹೇಳಬೇಕೆಂದಿದ್ದೆ.

"ಅತ್ತೆ, ಲೇಟಾಯ್ತದೆ, ಕೋಚು ಬೈತರೆ," ಎಂದು ಅವಳು ಅಷ್ಟರಲ್ಲೇ ತಿರುಗಿ ಓಡಿದಳು. ಬಸ್ಸು ಹೊರಡುವವರೆಗಾದರೂ ನಿಲ್ಲಬಹುದಿತ್ತು ಎಂದು ಸ್ವಲ್ಪ ಬೇಸರವಾಯಿತು. ಸುಳ್ಳೇಕೆ, ಜಾಸ್ತಿಯೇ ಆಯಿತು.

ಬಸ್ಸು ಊರು ದಾಟಿ ಹೊಲಗಳ ನಡುವೆ ಬಂದಾಗ ಮೈದಾನ ಕಂಡಿತು. ನಾನು ಈ ಬದಿಯ ಸೀಟಿನಿಂದ ಆ ಬದಿಗೆ ಹೋಗಿ, ಅಲ್ಲಿ ಕೂತಿದ್ದವನ ತೊಡೆಯ ಮೇಲೆ ಹೆಚ್ಚುಕಡಿಮೆ ಬಿದ್ದು, ಗಾಜಿಗೆ ಮುಖ ಒತ್ತಿದೆ. ಕಂಬಗಳ ನಡುವೆ ಅವಳು ಮಂಡಿ ಬಗ್ಗಿಸಿ, ಕೈಗಳನ್ನು ಅಗಲಿಸಿ ನಿಂತಿದ್ದಳು. ಬಾಯಿ ತೆರೆದಿತ್ತು, ಯಾರಿಗೋ ಏನೋ ಕೂಗುತ್ತಿದ್ದಳು. ಬಸ್ಸಿನೊಳಕ್ಕೆ ಕೇಳಿಸಲಿಲ್ಲ. ಫೋನು ತೆಗೆದು ಒಂದು ಫೋಟೋ ಹೊಡೆದೆ. ಬಂದದ್ದು ಜೋಳ.

ಆಮೇಲೆ ಕೈ ಬೀಸಿದೆ. ಅವಳು ಈ ಕಡೆ ನೋಡಲಿಲ್ಲ. ಚೆಂಡು ಬರುತ್ತಿತ್ತು.